ಸುಣ್ಣದ ಸೀಸೆಯ ಪೂರ್ವಾಶ್ರಮ

ಗುಬ್ಬಿಯಲ್ಲಿರುವ ನಮ್ಮ ದೊಡ್ಡಮ್ಮನ ಎಲೆ ಅಡಿಕೆಯ ತಟ್ಟೆಯಲ್ಲಿ, ಅಡಕತ್ತರಿಗೂ ವೀಳ್ಯದೆಲೆಯ ಕಟ್ಟಿಗೂ ನಡುವೆ, ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಸೀಸೆಯೊಂದು ಬಹುಕಾಲದಿಂದ ಸುಣ್ಣವನ್ನು ಹೊತ್ತು ಕುಳಿತಿದೆ. ಅದರ ರಬ್ಬರು ಬಿರಡೆಯನ್ನು ಬಿಗಿದಿಟ್ಟರೆ ಸುಣ್ಣ ಒಣಗುವುದಿಲ್ಲವೆಂಬುದೂ, ಬಾಯಿ ಕಿರಿದಾದುದರಿಂದ ಬೆಂಕಿಕಡ್ಡಿಯಿಂದ ಮೀಟಿ ತೆಗೆಯಬೇಕೆಂಬುದೂ ಮನೆಯವರಿಗೆಲ್ಲ ಗೊತ್ತು. ಅದರ ಪೂರ್ವಾಶ್ರಮವನ್ನು ಮಾತ್ರ ಕೇಳಿದವರಿಲ್ಲ. ಊಟವಾಗಿ ಮನೆಯೆಲ್ಲ ನಿದ್ರಾವಶವಾಗಿದ್ದ ಒಂದು ಮಧ್ಯಾಹ್ನ ನಾನು ಬಿರಡೆ ತೆಗೆದು ಎದುರಿಗೆ ಕುಳಿತೆನು.

"ತಮ್ಮ ಕುಲಗೋತ್ರ?"

"ಚೆನ್ನಾಗಿ ಒಣಗಿಸದೆ ಮುಚ್ಚಿಟ್ಟ ಕೊಬ್ಬರಿಯ ಮೇಲೆ ಹಬ್ಬುವುದಲ್ಲ, ಆ ಬೂಷ್ಟಿನ ವಂಶ ನಮ್ಮದು. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬವರು ರಜೆ ಮುಗಿಸಿ ಬಂದು ನೋಡಲಾಗಿ, ತೊಳೆಯದೆ ಬಿಟ್ಟಿದ್ದ ತಟ್ಟೆಯೊಂದರಲ್ಲಿ ನಮ್ಮವರು ಸುತ್ತಲಿನ ರೋಗಾಣುಗಳನ್ನು ಕರಗಿಸಿದ್ದರು. ನಿಮ್ಮ ದೊಡ್ಡಮ್ಮನಂಥ ಗೃಹಿಣಿ ಅಲ್ಲಿದ್ದಿದ್ದರೆ ಬೂದಿ ಹಾಕಿ ತಿಕ್ಕಿ ಅಂದೇ ನಮ್ಮ ವಂಶೋದ್ಧಾರವನ್ನು ತಪ್ಪಿಸಿಬಿಡುತ್ತಿದ್ದರು! ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್, ಹೀಟ್ಲಿಯವರು ನಮ್ಮನ್ನು ರೋಗಿಗಳ ಮಲಪಾತ್ರೆಗಳಲ್ಲಿಯೂ ಬೆಳೆಸಿದರು. ಅಧಿಕ ಇಳುವರಿಯ ತಳಿ 1943ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ದೊರೆತುದು ಬೂಷ್ಟು ಹಿಡಿದ ಕರಬೂಜದ ಮೇಲೆ. ಒಟ್ಟಿನಲ್ಲಿ ತಿಪ್ಪೆಯೇ ನಮ್ಮ ತೌರು."

"ಮಕ್ಕಳ ಸಹವಾಸ ಹೇಗೆ ಒದಗಿತು?"

"ನಮ್ಮ ದಾರಿದ್ರ್ಯದಿಂದ. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಚುಚ್ಚಿದರು. ಆತ ಚೇತರಿಸಿಕೊಳ್ಳುತ್ತಿರುವಾಗಲೇ ದಾಸ್ತಾನು ತೀರಿತು. ಮೂತ್ರದಲ್ಲಿ ಹೊರಬಿದ್ದ ನನ್ನನ್ನೇ ಶೋಧಿಸಿ ಮರಳಿ ಕೊಟ್ಟರೂ ಸಾಲದೆ, ಮುಂದಿನ ತಿಂಗಳು ಆತ ತೀರಿಕೊಂಡನು. ಆಮೇಲೆ, ಸಣ್ಣ ದೇಹಕ್ಕೆ ಸಣ್ಣ ಪ್ರಮಾಣ ಸಾಕೆಂಬ ಲೆಕ್ಕದಿಂದ ಮಕ್ಕಳತ್ತ ತಿರುಗಿದರು. ವಾತ್ಸಲ್ಯಕ್ಕಿಂತ ಮೊದಲು ಗಣಿತವೇ ಶಿಶುಗಳನ್ನು ನಮಗೆ ಪರಿಚಯಿಸಿತೆನ್ನಿ."

"ಗುಬ್ಬಿಗೆ ಬಂದುದು?"

"ಪುಣೆಯ ಬಳಿ ಪಿಂಪ್ರಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ 1954ರಲ್ಲಿ ಸ್ಥಾಪಿತವಾಗಿ, ಮರುವರ್ಷ ಉತ್ಪಾದನೆ ಆರಂಭವಾದ ಮೇಲೆ ನಾವು ಸ್ವದೇಶಿಗಳಾದೆವು. ಈ ಮನೆಗೆ ಬಂದುದು ತುಮಕೂರಿನ ಔಷಧದಂಗಡಿಯಿಂದ, ನಾಲ್ಕು ಲಕ್ಷ ಯೂನಿಟ್ಟಿನ ಬಿಳಿಯ ಪುಡಿಯಾಗಿ. ಮಗುವಿಗೆ ನ್ಯುಮೋನಿಯ, ಉಸಿರಿಗೊಮ್ಮೆ ಪಕ್ಕೆ ಗುಳಿಬೀಳುತ್ತಿತ್ತು. ಕಂಪೌಂಡರು ಸೂಜಿಯನ್ನು ಸ್ಪಿರಿಟ್ ದೀಪದ ಮೇಲೆ ಕುದಿಸಿ, ಬಟ್ಟಿಯಿಳಿಸಿದ ನೀರನ್ನು ನನ್ನೊಳಗೆ ಬಿಟ್ಟು, ಅಂಗೈಗಳ ನಡುವೆ ಉರುಳಿಸಿ, ಹಾಲಿನಂತಾದ ಮೇಲೆ ಎಳೆದುಕೊಂಡರು. ಒಳಹೊಕ್ಕು ನಾನು ಮಾಡಿದ್ದಿಷ್ಟೇ: ರೋಗಾಣು ಒಂದು ಎರಡಾಗಲೆಂದು ತನ್ನ ಗೋಡೆ ಕಟ್ಟಿಕೊಳ್ಳುವಾಗ ಗಾರೆಯ ಕೆಲಸವನ್ನು ಕೆಡಿಸಿದೆನು, ಗೋಡೆ ನಿಲ್ಲದೆ ಅದು ಒಡೆಯಿತು. ಮೂರನೆಯ ದಿನ ಮಗು ಗಂಜಿ ಕೇಳಿತು."

"ಕೀರ್ತಿ ಬಂದಿರಬೇಕಲ್ಲವೆ?"

"ಬಂದಿತು, ಹಂಚಿಹೋಯಿತು. ಅಂತ್ರ ಕಟ್ಟಿದವರಿಗೆ ತೆಂಗಿನಕಾಯಿ, ಕಂಪೌಂಡರಿಗೆ ಪಂಚೆ, ನನಗೆ ಸುಣ್ಣ! ಈ ಸೀಮೆಯಲ್ಲಿ ಉಳಿದ ಮಕ್ಕಳಿಗೆ ಗುಬ್ಬಿಯ ಚನ್ನಬಸವೇಶ್ವರನ ಹೆಸರಿಟ್ಟರು, ಕುಣಿಗಲ್ ಕಡೆಯವರು ಎಡೆಯೂರು ಸಿದ್ಧಲಿಂಗೇಶ್ವರನ ಹೆಸರಿಟ್ಟರು, ತುಮಕೂರಿನವರು ದೇವರಾಯನದುರ್ಗದ ನರಸಿಂಹನ ಹೆಸರಿಟ್ಟರು; ಪೆನಿಸಿಲಿನಪ್ಪ ಎಂಬ ಒಬ್ಬನನ್ನಾದರೂ ತೋರಿಸಿರಿ! ಸಾವಿಗೆ ತಿಥಿಯುಂಟು, ತಪ್ಪಿದ ಸಾವಿಗೆ ಯಾವ ಪಂಚಾಂಗದಲ್ಲಿ ತಿಥಿ ಹುಡುಕುವಿರಿ?"

"ಸಕಲ ರೋಗಗಳಿಗೂ ತಾವೇ ಎಂಬ ಅಹಂಕಾರ ಉಂಟೆ?"

"ಆ ಭ್ರಮೆ ಜನರದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960–61ರಲ್ಲಿ ಈ ಜಿಲ್ಲೆಯಲ್ಲೇ ಸಮೀಕ್ಷೆ ನಡೆಸಿ ಅರಸಿದ ಕ್ಷಯದ ಮುಂದೆ ನಾನು ನಿರಾಯುಧ. ಅದು ಆಗ ಸ್ಟ್ರೆಪ್ಟೊಮೈಸಿನ್ನಿನ ಪಾಲಾಗಿತ್ತು. ನೆಗಡಿಯ ಮುಂದೆಯೂ ಅಷ್ಟೆ. ಆದರೆ ನೆಗಡಿಗೆ 'ಒಂದು ಇಂಜೆಕ್ಷನ್ ಹಾಕಿಬಿಡಿ' ಎಂದು ತೋಳು ಚಾಚುವವರೇ, ಮಗುವಿನ ಗಂಟಲು ಬಾವಿಗೆ ಹತ್ತು ದಿನ ಕೊಟ್ಟ ಮಾತ್ರೆಯನ್ನು ಎರಡನೆಯ ದಿನಕ್ಕೆ ನಿಲ್ಲಿಸುವರು. ಅಂಥ ಗಂಟಲುಬೇನೆ ಕೆಲವರಲ್ಲಿ ಹೃದಯದ ಕವಾಟಕ್ಕಿಳಿದು, ವರ್ಷಾನುವರ್ಷ ಮೂರು ನಾಲ್ಕು ವಾರಕ್ಕೊಮ್ಮೆ ನನ್ನನ್ನು ಚುಚ್ಚಿಸಿಕೊಳ್ಳಬೇಕಾಗುತ್ತದೆ. ಅರೆಹೊಟ್ಟೆಯ ಪ್ರಮಾಣ ಕೊಟ್ಟರೆ ರೋಗಾಣುಗಳು ನನ್ನನ್ನೇ ಜೀರ್ಣಿಸಿಕೊಳ್ಳಲು ಕಲಿಯುತ್ತವೆಂದು ಫ್ಲೆಮಿಂಗರು 1945ರ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು. ಬಹುಮಾನವನ್ನು ಲೋಕ ನೆನಪಿಟ್ಟಿತು, ಭಾಷಣವನ್ನಲ್ಲ."

ಅಷ್ಟರಲ್ಲಿ ದೊಡ್ಡಮ್ಮ ಎದ್ದು ಬಂದರು. "ಸುಣ್ಣದ್ ಬಾಯಿ ಯಾರ್ಲಾ ತೆಗ್ದಿಟ್ಟಿದ್ದು? ಒಣಗೋಗ್ತದೆ!" ಎಂದು ನನ್ನನ್ನು ಗದರಿಸಿ, ಹಿತ್ತಿಲ ಕಡೆಗೆ ತಿರುಗಿ, "ತಿಪ್ಪಣ್ಣಾ, ಎರಡ್ ಹೋಳು ಅಡಿಕೆ ತಾರ್ಲಾ" ಎಂದು ತಲೆ ನರೆತ ಮಗನನ್ನು ಕೂಗಿದರು. ಮೊದಲ ಮೂವರು ಕಣ್ಮುಚ್ಚಿದ ಮೇಲೆ ಹುಟ್ಟಿದವನನ್ನು, ಮೃತ್ಯುವಿಗೆ ಹೇಸಿಗೆಯಾಗಲೆಂದು ತಿಪ್ಪೆಯ ಮೇಲೆ ಉರುಳಿಸಿ ತಂದು ಆ ಹೆಸರಿಟ್ಟಿದ್ದರು.

"ಈಗ ಹೇಳಿ," ಎಂದಿತು ಸೀಸೆ, ಮೆಲ್ಲಗೆ, "ಆತ ಯಾರ ಹೆಸರಿನವನು?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅದರ ಬಾಯಿಗೆ ಬಿರಡೆಯನ್ನು ಬಿಗಿದರು.