ಆದಿಕಾಂಡದ ಮಾಸ್ತರು

ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಅನಂತರ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ, ದೇವಾಲಯದ ಮಗ್ಗುಲಲ್ಲಿಯೇ ಶಾಲೆಯನ್ನೂ ಕಟ್ಟುತ್ತ ಹೋದುದರ ಫಲವಾಗಿ, ನಮ್ಮ ಉತ್ತರ ಕರ್ನಾಟಕದ ಹಳೆಯ ಕ್ರೈಸ್ತ ಸಭೆಗಳಲ್ಲಿ ಒಂದು ವಿಶಿಷ್ಟ ಜಾತಿಯ ಮನುಷ್ಯರು ಹುಟ್ಟಿ ಬೆಳೆದರು. ಆರು ದಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರವನ್ನೂ ಏಳನೆಯ ದಿನ ಸಂಡೇ ಸ್ಕೂಲಿನಲ್ಲಿ ಆದಿಕಾಂಡವನ್ನೂ ಒಂದೇ ಕಂಠದಿಂದ ಬೋಧಿಸಿ, ಎರಡಕ್ಕೂ ಒಂದೇ ಸೀಮೆಸುಣ್ಣವನ್ನು ತೇಯ್ದು ನಿವೃತ್ತರಾದವರು ಇವರು. ಇಂಥವರೊಬ್ಬರು ನಮ್ಮ ಸಭೆಯಲ್ಲಿಯೂ ಇದ್ದಾರೆ; ನಿಮ್ಮ ಸಭೆಯಲ್ಲಿಯೂ ಇರದೆ ಹೋಗರು. ಇಸ್ತ್ರಿಯ ಬಿಳಿಯಂಗಿ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು, ಕಂಕುಳಲ್ಲಿ ಸತ್ಯವೇದ, ಆ ಸತ್ಯವೇದದೊಳಗೆ ಓದಿದ ಪುಟದ ಗುರುತಿಗೆಂದು ಗೆಲಾಪಗೋಸ್ ದ್ವೀಪದ ಹಕ್ಕಿಗಳ ಕೊಕ್ಕಿನ ಚಿತ್ರ—ಇಷ್ಟು ಕಂಡುಬಂದರೆ ಅವರೇ ಎಂದು ತಿಳಿಯಬಹುದು.

ಮಾಸ್ತರರಿಗೆ ಈ ವಯಸ್ಸಿನಲ್ಲಿ ಹೊಸದೊಂದು ತರಗತಿಯನ್ನು ತೆರೆಯುವ ಕಷ್ಟ ಒದಗಿದುದಕ್ಕೆ ಕಾರಣ ಒಬ್ಬ ಹುಡುಗಿಯ ಪ್ರಶ್ನೆ. ಸೂರ್ಯನನ್ನು ಉಂಟುಮಾಡಿದುದು ನಾಲ್ಕನೆಯ ದಿನವಾದರೆ ಮೊದಲ ಮೂರು ದಿನ ಸಾಯಂಕಾಲ ಹೇಗಾಯಿತು ಎಂದು ಅವಳು ಕೇಳಿದಳು. ಸಭೆಯ ಹಿರಿಯರೊಬ್ಬರು, ಅಂಥ ಪ್ರಶ್ನೆಯನ್ನು ಕೇಳುವುದೇ ತಪ್ಪೆಂದು ನಿರ್ಣಯ ಕೊಟ್ಟರು. ಅಮೆರಿಕದಲ್ಲಿರುವ ಮಗನಿಂದ ವಾರಕ್ಕೊಂದು ವೀಡಿಯೋ ತರಿಸಿಕೊಳ್ಳುವ ಇನ್ನೊಬ್ಬ ಹಿರಿಯರು, ಕೇಳಬಹುದು, ಆದರೆ ವಿಜ್ಞಾನದ ಟೀಚರಿನ ಬಾಯಿ ಮುಚ್ಚಿಸುವುದಕ್ಕಾಗಿ ಮಾತ್ರ ಎಂದು ಅವಳ ಕೈಗೆ ಹತ್ತು ಮರುಪ್ರಶ್ನೆಗಳ ಪಟ್ಟಿಯನ್ನೇ ಕೊಟ್ಟರು. ಹುಡುಗಿ ಅದನ್ನು ಶಾಲೆಯಲ್ಲಿ ಪ್ರಯೋಗಿಸಿ, ಗೆಳತಿಯೊಡನೆ ಜಗಳವಾಡಿ, ಅಳುತ್ತ ಮನೆಗೆ ಬಂದಳು. ಆಗ ಮಾಸ್ತರರು ಎದ್ದುನಿಂತು, ಅಗಸ್ಟೀನನೆಂಬ ಸಂತನು ಐದನೆಯ ಶತಮಾನದಲ್ಲಿಯೇ ಈ ಮೂರು ದಿನಗಳ ವಿಷಯದಲ್ಲಿ ತಲೆಕೆಡಿಸಿಕೊಂಡು, ಅವು ನಮ್ಮ ನಿಮ್ಮ ದಿನಗಳಂತಹವಲ್ಲದಿರಬಹುದೆಂದು ಬರೆದಿಟ್ಟಿರುವನೆಂದೂ, ಕ್ರೈಸ್ತರು ಆಕಾಶ ಭೂಮಿಗಳ ವಿಷಯದಲ್ಲಿ ತಿಳಿಯದೆ ಮಾತನಾಡಿ ಅನ್ಯರ ನಗೆಗೆ ಗುರಿಯಾಗಬಾರದೆಂದು ಎಚ್ಚರಿಸಿರುವನೆಂದೂ ಹೇಳಿ, ಮುಂದಿನ ರವಿವಾರದಿಂದ ಸೌಮ್ಯವಾಗಿ ವಾದಿಸುವ ಕಲೆಯನ್ನು ತಾವೇ ಕಲಿಸುವೆವೆಂದು ಸಾರಿದರು. ಸೌಮ್ಯವಾಗಿ ಎಂಬ ಮಾತನ್ನು ಅವರು ಸಾರಿದ ಧ್ವನಿಗೆ ಗಂಟೆಗೋಪುರದ ಪಾರಿವಾಳಗಳು ಹಾರಿಹೋದುವು.

ಆ ತರಗತಿಗೆ ವಿಧಿಗಳು ಮೂರು. ಎದುರಾಳಿಯ ವಾದವನ್ನು ಮೊದಲು ತನ್ನ ಬಾಯಿಂದ ಹೇಳಿ, ಅವನು “ಹೌದು, ನಾ ಅಂದದ್ದು ಇದ” ಎಂದು ಒಪ್ಪುವ ಪರ್ಯಂತ ತನ್ನ ವಾದವನ್ನು ಯಾರೂ ಆರಂಭಿಸಕೂಡದು, ಇದು ಒಂದನೆಯದು. ಯಾರ ಅಜ್ಜ ಅಜ್ಜಿಯರನ್ನೂ ವಾದದೊಳಕ್ಕೆ ಎಳೆಯಕೂಡದು, ಇದು ಎರಡನೆಯದು. 1860ರಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸರು ಡಾರ್ವಿನ್ನನ ಪಕ್ಷದ ವಿಜ್ಞಾನಿ ಹಕ್ಸ್‌ಲಿಯನ್ನು, ವಾನರಸಂಬಂಧ ನಿಮಗೆ ಅಜ್ಜನ ಕಡೆಯಿಂದಲೋ ಅಜ್ಜಿಯ ಕಡೆಯಿಂದಲೋ ಎಂದು ಕೇಳಿದರೆಂಬ ಕಥೆಯನ್ನು ಮಾಸ್ತರರು ಹೇಳಿ, ಇಂದಿನ ಮಂಗನಿಂದ ಮನುಷ್ಯ ಹುಟ್ಟಿದನೆಂದು ಡಾರ್ವಿನ್ ಹೇಳಿಯೇ ಇಲ್ಲ, ಇಬ್ಬರಿಗೂ ಪೂರ್ವಜರು ಒಂದೇ ಎಂದಷ್ಟೇ ಅವನ ಮಾತು ಎಂದು ತಿದ್ದಿ, ಅಲ್ಲಿಗೆ ಮಂಗ ಎಂಬ ಶಬ್ದವನ್ನೇ ತರಗತಿಯಿಂದ ಬಹಿಷ್ಕರಿಸಿದರು. ಮೂರನೆಯ ವಿಧಿ ದಂಡಕ್ಕೆ ಸಂಬಂಧಿಸಿದುದು: ಎದುರಾಳಿಯನ್ನು ಕಂಡು ನಕ್ಕವನು 119ನೆಯ ಕೀರ್ತನೆಯಿಂದ ಎಂಟು ವಚನಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ಆ ಕೀರ್ತನೆಯಲ್ಲಿ ಒಟ್ಟು 176 ವಚನಗಳಿದ್ದು, ಎಂಟೆಂಟರ ಇಪ್ಪತ್ತೆರಡು ಭಾಗಗಳಾಗಿ ಅದು ಮೊದಲೇ ವಿಂಗಡವಾಗಿರುವುದರಿಂದ, ದೈವಪ್ರೇರಣೆಯಿಂದಲೇ ದಂಡಸಂಹಿತೆಯಾಗಿ ರಚಿತವಾದುದೆಂದು ಮಕ್ಕಳ ನಂಬಿಕೆ. 1925ರಲ್ಲಿ ಅಮೆರಿಕದ ಡೇಟನ್ ಎಂಬ ಊರಿನಲ್ಲಿ ವಿಕಾಸವಾದವನ್ನು ಕಲಿಸಿದ ಅಪರಾಧಕ್ಕಾಗಿ ಸ್ಕೋಪ್ಸ್ ಎಂಬ ಶಿಕ್ಷಕನಿಗೆ ವಿಧಿಸಿದ 100 ಡಾಲರ್ ದಂಡವನ್ನು ಮೇಲಿನ ನ್ಯಾಯಾಲಯ ಎರಡು ವರ್ಷಗಳ ತರುವಾಯ ರದ್ದುಪಡಿಸಿತು. ನಮ್ಮ ಮಾಸ್ತರರ ದಂಡಕ್ಕೆ ಮೇಲ್ಮನವಿಯೆಂಬುದಿಲ್ಲ.

ಯಾರು ಯಾವ ಪಕ್ಷವೆಂಬುದನ್ನು ನಿರ್ಧರಿಸುವುದು ಚೀಟಿ. ಒಮ್ಮೆ ಹಿರಿಯರೊಬ್ಬರ ಮಗನಿಗೆ ಡಾರ್ವಿನ್ನನ ಚೀಟಿ ಬಂದು, ಅವನು ವಾರವೆಲ್ಲ ಓದಿ, ಕಾಲಿಲ್ಲದ ತಿಮಿಂಗಿಲದ ದೇಹದೊಳಗೆ ಸೊಂಟದ ಎಲುಬಿನ ಅವಶೇಷವಿರುವುದೇಕೆಂದು ಎಷ್ಟು ಸೊಗಸಾಗಿ ವಿವರಿಸಿದನೆಂದರೆ, ಅವನ ತಾಯಿ ಕಣ್ಣೊರೆಸಿಕೊಳ್ಳುತ್ತ ಪಾದ್ರಿ ಅಯ್ಯನವರ ಬಳಿಗೆ ಹೋಗಿ ಮಗನಿಗಾಗಿ ವಿಶೇಷ ಪ್ರಾರ್ಥನೆ ಮಾಡಿಸಿದರು. ಮರುವಾರ ಅವನಿಗೆ ಸೃಷ್ಟಿಯ ಚೀಟಿ ಬಂದಿತು; ಅವನು ಆಡಿದ ಮಾತಿನ ಭಕ್ತಿಭಾವವನ್ನು ಕಂಡು ತಾಯಿ ಸಂತೋಷದಿಂದ ಸ್ತೋತ್ರಕಾಣಿಕೆಯ ಲಕೋಟೆಯನ್ನು ಹಾಕಿದರು. ಅದೂ ಚೀಟಿಯ ಪ್ರಭಾವವೆಂದು ಅವರಿಗೆ ತಿಳಿಸುವ ಧೈರ್ಯ ಅಯ್ಯನವರಿಗೂ ಆಗಲಿಲ್ಲ. ಇನ್ನೊಬ್ಬ ಹುಡುಗ, ಆರ್ಚ್‌ಬಿಷಪ್ ಅಷರ್ ಎಂಬವರು ಹದಿನೇಳನೆಯ ಶತಮಾನದಲ್ಲಿ ಲೆಕ್ಕ ಹಾಕಿದಂತೆ ಜಗತ್ತು ಕ್ರಿಸ್ತಪೂರ್ವ 4004ರಲ್ಲಿ ಉಂಟಾಯಿತೆಂದು ಆವೇಶದಿಂದ ವಾದಿಸುತ್ತಿದ್ದಾಗ, ಮಾಸ್ತರರು ಅವನು ಕೂತ ಬಂಡೆಯನ್ನು ತೋರಿಸಿ, ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟನೆಂದೂ, ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲೆಂದೂ ಹೇಳಿ, “ಅದರ ಮ್ಯಾಲೆ ಕೂತು ಅದರ ವಯಸ್ಸು ಕಮ್ಮಿ ಅಂತೀಯಲ್ಲ ತಮ್ಮಾ, ಅಂದರ ಅನ್ನು, ಎದ್ದು ನಿಂತು ಮರ್ಯಾದೀಲೆ ಅನ್ನು” ಎಂದರು. ಹುಡುಗ ಎದ್ದು ನಿಂತು, ಮಿಕ್ಕ ವಾದವನ್ನು ಅತ್ಯಂತ ಮರ್ಯಾದೆಯಿಂದ ಮುಗಿಸಿದನು.

ಮಾಸ್ತರರ ಆದರ್ಶಪುರುಷ ಮಾತ್ರ ಡಾರ್ವಿನ್ನನೂ ಅಲ್ಲ, ಬಿಷಪ್ಪರೂ ಅಲ್ಲ. ಡಾರ್ವಿನ್ನನ ಊರಾದ ಡೌನಿನಲ್ಲಿ ಪಾದ್ರಿಯಾಗಿದ್ದ ಬ್ರಾಡಿ ಇನ್ನೆಸ್. ಇಬ್ಬರೂ ಮೂವತ್ತು ವರ್ಷಗಳ ಸ್ನೇಹಿತರು. ಊರಿನ ಬಡವರ ಸಹಾಯನಿಧಿಗೆ ದುಡಿಯುವುದರಲ್ಲಿ ಜೊತೆಗಾರರು. ಅಭಿಪ್ರಾಯದಲ್ಲಿ ಸದಾ ಭಿನ್ನರು. ತಮ್ಮಿಬ್ಬರಿಗೂ ಒಂದೇ ಒಂದು ಸಲ ಪೂರ್ಣ ಏಕಮತವಾದಾಗ, ಯಾರಿಗೋ ಕಾಯಿಲೆಯಿರಬೇಕೆಂಬ ಅನುಮಾನದಿಂದ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿಕೊಂಡೆವೆಂದು ಡಾರ್ವಿನ್ನನೇ ವಿನೋದವಾಗಿ ಹೇಳಿದ್ದುಂಟು. ಈ ಪ್ರಸಂಗವನ್ನು ಹೇಳುವಾಗ ಮಾಸ್ತರರ ಕಣ್ಣು ಒದ್ದೆಯಾಗುತ್ತದೆ.

ಇಂಥ ಸಮಚಿತ್ತದ ಪುರುಷನಿಗೂ ಒಂದು ಮಿತಿಯಿದೆ. ಜಗತ್ತು ಆರು ದಿನದಲ್ಲಾಯಿತೋ ಕೋಟ್ಯಂತರ ವರ್ಷಗಳಲ್ಲಾಯಿತೋ ಎಂಬಷ್ಟರ ಅಲ್ಪವಿಷಯದಲ್ಲಿ ಅವರು ಯಾರ ಮಾತನ್ನಾದರೂ ಸಹಿಸಿಯಾರು. ಆದರೆ ಹಳೆಯ ಜರ್ಮನ್ ಧಾಟಿಯ ಸಂಗೀತಗಳಿಗೆ ಯುವಕರು ಕೀಬೋರ್ಡಿನ ತಾಳ ಕೂಡಿಸುವ ವಿಷಯದಲ್ಲಿ ಅವರಿಗೆ ಎದುರುಪಕ್ಷವೆಂಬುದೇ ಇಲ್ಲ. ಕಳೆದ ಕ್ರಿಸ್ಮಸ್ಸಿನ ಗಾಯನಾಭ್ಯಾಸದಲ್ಲಿ ಆ ತಾಳವನ್ನು ಕೇಳಿ ಅವರು ಗಹಗಹಿಸಿ ನಕ್ಕೇಬಿಟ್ಟರು. ಒಡನೆಯೇ ಒಂದು ಸಣ್ಣ ಧ್ವನಿ, “ಸರ, ಎಂಟು ವಚನ” ಎಂದಿತು. ಮಾಸ್ತರರು ಕ್ಷಣಕಾಲ ಸ್ತಬ್ಧರಾಗಿ, ಕೈಕಟ್ಟಿ ನಿಂತು, ಪುಸ್ತಕವಿಲ್ಲದೆ, ಒಂದಕ್ಷರವೂ ತಪ್ಪದೆ ಎಂಟನ್ನೂ ಒಪ್ಪಿಸಿದರು. ಒಂದನೆಯ ವಿಧಿಯ ಪ್ರಕಾರ ಕೀಬೋರ್ಡಿನ ಪರವಾಗಿಯೂ ನಾಲ್ಕು ಮಾತನ್ನು ಕಷ್ಟಪಟ್ಟು ಆಡಿದರು. ಆಮೇಲೆ ವಿರೋಧವನ್ನು ಮುಂದುವರಿಸಿದರು.

2023ರಲ್ಲಿ ಅವರಿಗೆ ಅನಿರೀಕ್ಷಿತವಾದೊಂದು ದುಃಖ ಒದಗಿತು. ಎನ್.ಸಿ.ಇ.ಆರ್.ಟಿ.ಯವರು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯದಿಂದ ವಿಕಾಸವನ್ನು ಕಿತ್ತು, ಬರಿಯ ಅನುವಂಶೀಯತೆಯನ್ನು ಉಳಿಸಿದರು. ವೀಡಿಯೋದ ಹಿರಿಯರು ವಿಜಯೋತ್ಸಾಹದಿಂದ ಪೇಡೆಯ ಪೊಟ್ಟಣ ಹಿಡಿದು ಬಂದರು. ಮಾಸ್ತರರು ಪೇಡೆಯನ್ನು ಮುಟ್ಟದೆ, ಎದುರಾಳಿಯನ್ನು ಊರು ಬಿಡಿಸಿ ಕುಸ್ತಿ ಗೆದ್ದೆನೆನ್ನುವ ಪೈಲ್ವಾನನು ಯಾವ ಜಾತ್ರೆಯಲ್ಲಿ ಮುಖ ತೋರಿಸಬೇಕೆಂದು ಕೇಳಿದರು. ಮತ್ತು ಉಳಿದಿರುವ ಅರ್ಧ ಅಧ್ಯಾಯದ ನಾಯಕನಾದ, 1866ರಲ್ಲಿ ಬಟಾಣಿಗಿಡಗಳ ಪ್ರಬಂಧವನ್ನು ಪ್ರಕಟಿಸಿದ ಮೆಂಡೆಲ್ ಎಂಬಾತನು ಅಗಸ್ಟೀನನ ಹೆಸರಿನ ಪಂಥದ ಸನ್ಯಾಸಿಯೆಂಬುದನ್ನು ಅವರ ಗಮನಕ್ಕೆ ತಂದರು. ಮುಂದಿನ ರವಿವಾರದಿಂದ, ಶಾಲೆಯ ಪುಸ್ತಕ ಕೈಬಿಟ್ಟ ವಿಕಾಸದ ಪಾಠವನ್ನು, ಪೀಠದ ಮಗ್ಗುಲಿನ ಕೋಣೆಯಲ್ಲಿ, ಪ್ರಾರಂಭದಲ್ಲಿಯೂ ಅಂತ್ಯದಲ್ಲಿಯೂ ಪ್ರಾರ್ಥನೆ ಸಹಿತವಾಗಿ, ಅವರೇ ಹೇಳತೊಡಗಿದರು.

ಇಷ್ಟಾದರೂ ಮಾಸ್ತರರ ಸ್ವಂತ ಅಭಿಪ್ರಾಯವೇನೆಂಬುದು ಸಭೆಗೆ ಇನ್ನೂ ತಿಳಿದಿಲ್ಲ. ಕಮಿಟಿ ಕೇಳಿತು, ಅಯ್ಯನವರು ಊಟಕ್ಕೆ ಕರೆದು ಕೇಳಿದರು, ಮನೆಯಾಕೆಯೂ ಕೇಳಿದರಂತೆ. ಕಟ್ಟಕಡೆಗೆ ಆ ಮೂರು ಸಾಯಂಕಾಲಗಳ ಹುಡುಗಿಯೇ ಎದ್ದು, “ಸರ, ಇಷ್ಟು ದಿವಸ ಆತು, ನೀವು ಯಾವ ಕಡೆ ಅನ್ನೂದು ಹೇಳೇ ಇಲ್ಲ” ಎಂದಳು. ಮಾಸ್ತರರು ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಧರಿಸಿ, “ನೀ ಯಾವ ಕಡೆ ಅದನ್ನ ಮೊದಲ ಹೇಳು ತಂಗಿ” ಎಂದರು, “ಎದುರಿನ ಕಡೆ ಮಂದಿ ಕಡಿಮಿ ಬಿದ್ದರ, ನಾ ಅದೀನಿ.”