ಕುಲುಮೆಗೆ ಹೋದ ಶನಿ, ಗಲ್ಲಾ ಸೇರಿದ ಗುರು

ಸಿಟ್ರಿನ್ ಎಂಬುದು ಬೆಣಚುಕಲ್ಲಿನ ಹಳದಿ ಪ್ರಭೇದ. ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದ ಈ ಖನಿಜದೊಳಗೆ ಕಬ್ಬಿಣದ ಅಂಶ ತೀರ ಅಲ್ಪವಾಗಿ ಬೆರೆತಿರುವುದರಿಂದ ಅದಕ್ಕೆ ನಿಂಬೆಸಿಪ್ಪೆಯಿಂದ ಹಿಡಿದು ಜೋನಿಬೆಲ್ಲದವರೆಗಿನ ಬಣ್ಣಗಳು ಬರುತ್ತವೆ. ಉತ್ತರದ ರತ್ನಪೇಟೆಗಳಲ್ಲಿ ಇದಕ್ಕೆ ಸುನೇಲಾ ಎಂಬ ಹೆಸರಿದ್ದು, ಗುರುಗ್ರಹದ ರತ್ನವಾದ ಪುಷ್ಯರಾಗವನ್ನು ಕೊಳ್ಳಲಾರದವರಿಗೆ ಇದನ್ನು ಉಪರತ್ನವೆಂದು, ಅಂದರೆ ಅಸಲಿನ ಬದಲಿಗೆ ಧರಿಸಬಹುದಾದ ಅಗ್ಗದ ಕಲ್ಲೆಂದು ಸೂಚಿಸುತ್ತಾರೆ. ಪಶ್ಚಿಮದವರು ಇದನ್ನು ವ್ಯಾಪಾರಿಗಳ ಕಲ್ಲೆಂದು ಕರೆದಿದ್ದಾರೆ. ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ದುಡ್ಡು ದುಡ್ಡನ್ನು ಕರೆತರುತ್ತದೆಂಬ ಅವರ ಮಾತು ಮೊಬೈಲುಗಳ ಮೂಲಕ ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಗೂ ಬಂದು ಮುಟ್ಟಿದೆ. ಅಲ್ಲಿನ ಶೇಂಗಾ ಮಂಡಿಯ ಸಾಹುಕಾರರಿಗೂ ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆಯ ಗಂಟು ಹೊತ್ತು ಬಂದ ಭಾಮೈದನಿಗೂ ನಡೆದ ಸಂವಾದವನ್ನು, ಇಬ್ಬರ ಬೈಗುಳಗಳನ್ನು ಕಳೆದು, ಉಳಿದುದನ್ನು ಗ್ರಾಂಥಿಕ ಭಾಷೆಗೆ ತಿದ್ದಿ ಕೆಳಗೆ ಕೊಡಲಾಗಿದೆ.

ಭಾಮೈದ: ಮಂಡಿಯ ಮಾಳಿಗೆಯ ಮೇಲೆ ಹಿತ್ತಾಳೆ ತಟ್ಟೆಯಲ್ಲಿ ಉಂಗುರವೊಂದು ಒಂಟಿಯಾಗಿ ಬಿಸಿಲು ಕಾಯಿಸುತ್ತಿದೆಯಲ್ಲ, ಶೇಂಗಾ ಒಣಗಿಸುವ ಜಾಗದಲ್ಲಿ ಚಿನ್ನ ಒಣಗಿಸುವ ಪದ್ಧತಿ ಈ ಊರಿನಲ್ಲಿ ಎಂದಿನಿಂದ ಶುರುವಾಯಿತು?

ಸಾಹುಕಾರ: ಅದು ಒಣಗುತ್ತಿಲ್ಲ, ಚಾರ್ಜ್ ಆಗುತ್ತಿದೆ. ಸಿಟ್ರಿನ್ ಸೂರ್ಯನ ಶಕ್ತಿಯನ್ನು ತುಂಬಿಕೊಂಡು, ಗುರುವಾರ ಬೆಳಿಗ್ಗೆ ತೋರುಬೆರಳಿಗೆ ಏರಿದ ಮೇಲೆ ಅದನ್ನು ನಿಧಾನವಾಗಿ ಗಲ್ಲಾಪೆಟ್ಟಿಗೆಗೆ ಇಳಿಸುತ್ತದೆ.

ಭಾಮೈದ: ಬಿಸಿಲಿಗೆ ಲಕ್ಷ್ಮಿಯನ್ನು ಕರೆತರುವ ಗುಣವಿದ್ದಿದ್ದರೆ, ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲೊಂದಾದ ಈ ತಾಲ್ಲೂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವವರೇ ಇರುತ್ತಿರಲಿಲ್ಲ. ಅದಿರಲಿ, ಕೆಲವು ಸಿಟ್ರಿನ್ ಕಲ್ಲುಗಳನ್ನು ಬಹಳ ಕಾಲ ತೀವ್ರ ಬಿಸಿಲಿಗಿಟ್ಟರೆ ಬಣ್ಣವೇ ಮಂಕಾಗುತ್ತದೆ. ಚಾರ್ಜ್ ಮಾಡಲು ಹೋಗಿ ಇದ್ದುದನ್ನೂ ಕಳೆದುಕೊಂಡಂತಾಗುತ್ತದೆ.

ಸಾಹುಕಾರ: ಕಲ್ಲು ಮಂಕಾಗಿರುವುದು ನಿಜ, ಆದರೆ ಅದು ಎದುರು ಮಂಡಿಯವರ ಕಣ್ಣು ತಗುಲಿ ಆದದ್ದು. ಬೆಣಚಿನಲ್ಲಿ ವಿದ್ಯುತ್ತಿದೆಯೆಂದು ವಿಜ್ಞಾನಿಗಳೇ ಒಪ್ಪಿರುವಾಗ ಚಾರ್ಜ್ ಎಂಬುದನ್ನು ಹಾಸ್ಯ ಮಾಡುವುದು ತರವಲ್ಲ.

ಭಾಮೈದ: ಒಪ್ಪಿದ್ದಾರೆ, ಆದರೆ ಅವರು ಹೇಳಿದ್ದು ಬೇರೆ. ಬೆಣಚಿನ ಹರಳನ್ನು ಒತ್ತಿದರೆ ಅದರ ಮೈಮೇಲೆ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ, ವಿದ್ಯುತ್ತು ಹಾಯಿಸಿದರೆ ಹರಳು ಕಂಪಿಸುತ್ತದೆ. ಕೈಗಡಿಯಾರದೊಳಗಿನ ಚೂರು ಸೆಕೆಂಡಿಗೆ 32,768 ಸಲ ಕಂಪಿಸಿ ಹೊತ್ತು ಹೇಳುವುದು ಈ ಗುಣದಿಂದಲೇ. ಅದು ಹೊತ್ತು ಹೇಳುತ್ತದೆಯೇ ಹೊರತು ಒಳ್ಳೆಯ ಹೊತ್ತು ಹೇಳುವುದಿಲ್ಲ. ಇಷ್ಟಕ್ಕೂ ಬೆಣಚು ಬೇಕಿದ್ದರೆ ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಹೇರಳವಾಗಿದೆ; ದನ ಕಾಯುವ ಹುಡುಗರು ಅದನ್ನು ಒಂದಕ್ಕೊಂದು ಕುಟ್ಟಿ ಕಿಡಿ ಹಾರಿಸುತ್ತಾರೆ.

ಸಾಹುಕಾರ: ಹಿತ್ತಲ ಗಿಡ ಮದ್ದಲ್ಲ. ಇದು ಬ್ರೆಜಿಲ್ ದೇಶದ್ದು.

ಭಾಮೈದ: ಬ್ರೆಜಿಲಿನದಾದರೆ ಇನ್ನೊಂದು ಸಂಗತಿಯನ್ನೂ ತಿಳಿಯಬೇಕು. ಪೇಟೆಯಲ್ಲಿ ಸಿಗುವ ಸಿಟ್ರಿನ್‌ನ ಬಹುಪಾಲು ಗಣಿಯಿಂದ ಹಳದಿಯಾಗಿ ಬಂದುದಲ್ಲ. ಆ ದೇಶದ ರಿಯೊ ಗ್ರಾಂಡೆ ಡೊ ಸುಲ್ ಮೊದಲಾದ ಕಡೆ ದೊರೆಯುವ ನೇರಳೆ ಬೆಣಚನ್ನು, ಅಂದರೆ ಅಮೆಥಿಸ್ಟ್ ಅಥವಾ ಕಟೇಲಾ ಎಂಬ ಕಲ್ಲನ್ನು, ಕುಲುಮೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಒಳಗಿನ ಕಬ್ಬಿಣದ ಸ್ಥಿತಿ ಬದಲಾಗಿ ನೇರಳೆ ಹೋಗಿ ಹಳದಿ ಬರುತ್ತದೆ. ಈಗ ಹೇಳಬೇಕು, ಕಟೇಲಾ ಯಾವ ಗ್ರಹದ ಉಪರತ್ನ?

ಸಾಹುಕಾರ: ಅದು ಎಲ್ಲರಿಗೂ ಗೊತ್ತಿರುವುದೇ. ನೀಲ ಕೊಳ್ಳಲಾರದವರು ಶನಿಗೆಂದು ಧರಿಸುವ ಕಲ್ಲು.

ಭಾಮೈದ: ಹಾಗಾದರೆ ಕುಲುಮೆಯೊಳಕ್ಕೆ ಹೋದವನು ಶನಿ, ಹೊರಗೆ ಬಂದವನು ಗುರು.

ಇಲ್ಲಿ ಸಾಹುಕಾರರು ತಕ್ಕಡಿಯ ಬಟ್ಟನ್ನು ಕೆಳಗಿಟ್ಟು ಬಹಳ ಹೊತ್ತು ಮೌನವಾಗಿದ್ದರು.

ಸಾಹುಕಾರ: ಶನಿ ಎಲ್ಲಿಗೆ ಹೋದ?

ಭಾಮೈದ: ಅದನ್ನು ಕಲ್ಲು ಮಾರಿದವರನ್ನು ಕೇಳಬೇಕು.

ಸಾಹುಕಾರ: ಪೂರ್ತಿ ಸುಟ್ಟಿರುತ್ತಾನೆಯೇ, ಅಥವಾ ಒಳಗೆ ಎಲ್ಲಾದರೂ ಅಡಗಿ ಕುಳಿತಿರುತ್ತಾನೆಯೇ?

ಭಾಮೈದ: ಸಾಡೇಸಾತಿ ಎಂದರೆ ಶನಿಯು ಜನ್ಮರಾಶಿಯಲ್ಲಿಯೂ ಅದರ ಹಿಂದಿನ ಮತ್ತು ಮುಂದಿನ ರಾಶಿಗಳಲ್ಲಿಯೂ ಸಂಚರಿಸುವ ಏಳೂವರೆ ವರ್ಷದ ಕಾಲ. ಅಷ್ಟು ವರ್ಷದ ಕಾಟ ಒಂದು ಕುಲುಮೆಯ ಶಾಖಕ್ಕೆ ಕೆಲವೇ ಗಂಟೆಗಳಲ್ಲಿ ಮುಗಿಯುವುದಾದರೆ, ಶನಿವಾರ ಬಂತೆಂದರೆ ಶನಿಮಹಾತ್ಮನ ಗುಡಿಯಿರುವ ಪಾವಗಡದ ಬಸ್ಸಿನಲ್ಲಿ ಸೀಟಿಗಾಗಿ ಟವೆಲ್ಲು ಎಸೆಯುವವರೆಲ್ಲ ಇಟ್ಟಿಗೆ ಗೂಡಿನ ಮುಂದೆ ಸಾಲು ನಿಲ್ಲಬಹುದಿತ್ತು.

ಸಾಹುಕಾರ: ಅರ್ಧ ಬೆಂದಿದ್ದರೆ?

ಭಾಮೈದ: ಅಂಥದ್ದೂ ಇದೆ. ಬೊಲಿವಿಯಾ ದೇಶದಲ್ಲಿ ಒಂದೇ ಹರಳಿನಲ್ಲಿ ಅರ್ಧ ನೇರಳೆ, ಅರ್ಧ ಹಳದಿ ಇರುವ ಅಮೆಟ್ರಿನ್ ಎಂಬ ಕಲ್ಲು ಗಣಿಯಿಂದಲೇ ಹಾಗೆ ಸಿಗುತ್ತದೆ. ಅದನ್ನು ಧರಿಸಿದವರಿಗೆ ಬಹುಶಃ ಬೆಳಿಗ್ಗೆ ಲಾಭವಾಗಿ ಸಂಜೆ ಅಂಗಡಿ ಜಪ್ತಿಯಾಗುತ್ತದೆ.

ಸಾಹುಕಾರ: ಇನ್ನೂ ಹೆಚ್ಚು ಕಾಯಿಸಿದರೆ ಯಾವ ಗ್ರಹ ಬರುತ್ತದೆ?

ಭಾಮೈದ: ಹೆಚ್ಚು ಕಾದರೆ ಬಣ್ಣವೇ ಹೋಗಿ ಕಲ್ಲು ಹಾಲುಬಿಳುಪಿಗೆ ತಿರುಗುವುದುಂಟು. ಆಗ ಚಂದ್ರನ ಲೆಕ್ಕಕ್ಕೆ ಬರೆದುಕೊಳ್ಳಬಹುದು.

ಈ ಜಿಜ್ಞಾಸೆಯು ಮುಂದೆ ರಾಹು ಮತ್ತು ಕೇತುಗಳವರೆಗೂ ಬೆಳೆಯಿತಾದರೂ ಗ್ರಂಥವಿಸ್ತಾರದ ಭಯದಿಂದ ಇಲ್ಲಿ ಬಿಡಲಾಗಿದೆ.

ಸಾಹುಕಾರ: ಗ್ರಹದ ಮಾತು ಹಾಗಿರಲಿ, ನವೆಂಬರಿನಲ್ಲಿ ಹುಟ್ಟಿದವರ ಜನ್ಮರತ್ನ ಇದೇ ಎಂಬುದು ಪುರಾತನ ಋಷಿಗಳ ಕಾಲದಿಂದ ಬಂದ ಮಾತು.

ಭಾಮೈದ: ಪುರಾತನ ಋಷಿಗಳು ನವೆಂಬರ್ ಎಣಿಸುತ್ತಿರಲಿಲ್ಲ. ಜನ್ಮರತ್ನಗಳ ಈಗಿನ ಪಟ್ಟಿಯನ್ನು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ 1912ರಲ್ಲಿ ಗೊತ್ತುಮಾಡಿತು. ನವೆಂಬರಿಗೆ ಮೊದಲು ಟೋಪಾಜ್ ಒಂದೇ ಇದ್ದು, ಸಿಟ್ರಿನ್ ಸೇರಿದ್ದು 1952ರಲ್ಲಿ. ಮಾರುವವರೇ ಕುಳಿತು ಬರೆದ ಜಾತಕವದು. ಇನ್ನು, ಪುಷ್ಯರಾಗದ ಹೆಸರಿನಲ್ಲಿ ಸಿಟ್ರಿನ್ ಕೊಟ್ಟರೆ ಮೋಸವನ್ನು ಕಂಡುಹಿಡಿಯುವುದು ಪರೀಕ್ಷಕರಿಗೆ ಕಷ್ಟವೇನಲ್ಲ: ಪುಷ್ಯರಾಗವು ಕುರುಂದದ ಜಾತಿಯದು, ಅದರ ಸಾಪೇಕ್ಷ ಸಾಂದ್ರತೆ, ಎಂದರೆ ಅಷ್ಟೇ ಗಾತ್ರದ ನೀರಿಗೆ ಹೋಲಿಸಿದ ತೂಕ, ಸುಮಾರು 4, ಸಿಟ್ರಿನ್‌ನದು 2.65. ತೂಕದಲ್ಲಿ ಮೋಸ ಹೋಗುವುದು ಮಂಡಿಯವರಿಗೆ ಶೋಭೆಯಲ್ಲ.

ಸಾಹುಕಾರ: ಆದರೂ ನಂಬಿಕೆಯೆಂಬುದೊಂದು ಬೇಡವೇ?

ಭಾಮೈದ: ನಂಬಲು ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಕಲ್ಲುಗಳಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿದ್ದು, ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಆ ಆಜ್ಞೆಯಲ್ಲಿ, ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆಂಬ ಅರ್ಥದ ಮಾತಿದೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಆಚಾರ್ಯರಲ್ಲಿ ಶಿಷ್ಯರ ಗೌರವ, ಇವೆಲ್ಲ ಇವೆ. ಆಂಧ್ರದ ಎರ್ರಗುಡಿಯಲ್ಲಿರುವ ದೊಡ್ಡ ಶಾಸನಗಳಲ್ಲೊಂದಂತೂ ಕಾಯಿಲೆ, ಮದುವೆ, ಪ್ರಯಾಣಗಳ ನೆಪದಲ್ಲಿ ಜನ ಮಾಡುವ ಮಂಗಳಾಚರಣೆಗಳಿಂದ ಬರುವ ಫಲ ಅಲ್ಪವೆಂದು ಸ್ಪಷ್ಟವಾಗಿ ಹೇಳುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಬಂಡೆಯ ಮೇಲೆ ಕೆತ್ತಿಸಿದ ಬುದ್ಧಿಯನ್ನು ಬಿಟ್ಟು, ಬೆರಳಿನ ಮೇಲೆ ಕೂರಿಸಿದ ಕಲ್ಲಿನಿಂದ ಬುದ್ಧಿ ಬರಲೆಂದು ಕಾಯುವುದು ಸೋಜಿಗ.

ಭಾಮೈದನ ಈ ಮಾತು ಭಾಷಣದಂತೆ ಕೇಳಿಸಿದರೆ ಅದಕ್ಕೆ ಅವನ ಊರಿನ ಮಗ್ಗದವರು ಹೊಣೆಯಲ್ಲ. ಸಾಹುಕಾರರು ಆಕಳಿಸುತ್ತಿರುವಾಗ ಅವನು ಮಾಳಿಗೆಯಿಂದ ತಂದ ಉಂಗುರವನ್ನು ಮಗುಚಿ ಬೆಳಕಿಗೆ ಹಿಡಿದನು. ಕಲ್ಲಿನ ಬೆನ್ನಿಗೂ ಚಿನ್ನದ ಕಟ್ಟಿಗೂ ನಡುವೆ ಶೇಂಗಾ ಹೊಟ್ಟು, ಎಣ್ಣೆಯ ಜಿಡ್ಡು, ವಿಭೂತಿ ಮತ್ತು ಕುಂಕುಮ ಕಲಸಿಕೊಂಡು ಕಂದು ಬಣ್ಣದ ಮೆತ್ತೆಯಾಗಿ ಗಟ್ಟಿಯಾಗಿದ್ದವು.

ಭಾಮೈದ: ಎದುರು ಮಂಡಿಯವರ ಕಣ್ಣು ಇಲ್ಲಿದೆ. ಇದನ್ನು ತೊಳೆದದ್ದು ಯಾವಾಗ?

ಸಾಹುಕಾರ: ಸಿಟ್ರಿನ್ ಕೆಟ್ಟ ಶಕ್ತಿಯನ್ನು ಹೀರಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಶುದ್ಧಿ ಮಾಡುವ ಅಗತ್ಯವೇ ಇಲ್ಲವೆಂದು ಕೊಟ್ಟವರು ಹೇಳಿದ್ದಾರೆ.

ಭಾಮೈದ: ಕೆಟ್ಟ ಶಕ್ತಿಯನ್ನು ಹೀರದಿದ್ದರೂ ಶೇಂಗಾ ಎಣ್ಣೆಯನ್ನು ಹಿಡಿದಿಡುತ್ತದೆ. ಮುಖಗಳನ್ನು ಸಾಣೆ ಹಿಡಿದ ಕಲ್ಲಿನಲ್ಲಿ ಒಳಹೊಕ್ಕ ಬೆಳಕು ಹಿಂಬದಿಯ ಮುಖಗಳಿಗೆ ತಾಗಿ ಮರಳಿ ಬಂದರೆ ಮಾತ್ರ ಹೊಳಪು. ಅಲ್ಲಿ ಜಿಡ್ಡು ಕುಳಿತರೆ ಬೆಳಕು ಅಲ್ಲಿಯೇ ಸೋರಿಹೋಗುತ್ತದೆ. ಉಗುರುಬೆಚ್ಚನೆಯ ನೀರು, ತುಸು ಸೋಪು, ಮೆದು ಬ್ರಷ್, ಇಷ್ಟು ಸಾಕು. ಕುದಿನೀರು ಬೇಡ, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಕಲ್ಲು ಬಿರಿಯಬಹುದು. ಒಣ ಬಟ್ಟೆಯಿಂದ ತಿಕ್ಕುವುದೂ ತಪ್ಪು: ಮೋಸ್ ಎಂಬ ಕಾಠಿಣ್ಯದ ಅಳತೆಯಲ್ಲಿ ಸಿಟ್ರಿನ್ 7, ರಸ್ತೆಯ ಧೂಳಿನೊಳಗಿನ ಮರಳಿನ ಕಣವೂ ಬೆಣಚೇ ಆದುದರಿಂದ ಅದೂ 7, ತಿಕ್ಕಿದರೆ ದಾಯಾದಿಗಳು ಪರಸ್ಪರ ಗೀರುತ್ತಾರೆ. ನೀಲ, ಪುಷ್ಯರಾಗಗಳು 9. ಅವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ಸೀರೆಯ ಗಂಟು ಬಿಚ್ಚುವ ಮೊದಲು ಉಂಗುರವನ್ನು ತೆಗೆದಿಡಬೇಕು. ಕಲ್ಲನ್ನು ಹಿಡಿದ ಚಿನ್ನದ ಉಗುರು ಎಳೆಗೆ ಸಿಕ್ಕಿದರೆ ಮಗ್ಗದ ಮೇಲೆ ದಿನಗಟ್ಟಲೆ ಕುಳಿತು ನೇಯ್ದ ಸೆರಗು ಒಂದೇ ಎಳೆತಕ್ಕೆ ಹಾಳಾಗುತ್ತದೆ.

ಸಾಹುಕಾರಮ್ಮನವರು ತಂದ ಬಟ್ಟಲಿನ ಸೋಪುನೀರಿನಲ್ಲಿ ಉಂಗುರವನ್ನು ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿನ ಬೆನ್ನನ್ನು ಮೆಲ್ಲಗೆ ಉಜ್ಜಿ, ಬೇರೆ ನೀರಿನಲ್ಲಿ ಜಾಲಿಸಿ ಎತ್ತಿದಾಗ ಕಲ್ಲು ಕೊಂಡ ದಿನದಷ್ಟೇ ಹೊಳೆಯಿತು.

ಸಾಹುಕಾರ: ಈಗ ಚಾರ್ಜ್ ಆಯಿತು. ಇಷ್ಟು ದಿನ ಬೆನ್ನಿಗೆ ಅಂಟಿಕೊಂಡಿದ್ದವನು ಶನಿಯೇ ಇರಬೇಕು.

ಅಂದು ಸಂಜೆ ಎರಡು ಲೋಡು ಶೇಂಗಾ ಒಳ್ಳೆಯ ದರಕ್ಕೆ ಹೋದುದರಿಂದ, ಉಳಿದ ಸೋಪಿನ ತುಂಡನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯಲ್ಲಿ ಇರಿಸಲಾಯಿತು.

ಸಿಟ್ರಿನ್ ನೋಡಲು ಚೆಲುವಾದ ಕಲ್ಲು, ಬೆಲೆಯೂ ಕೈಗೆಟುಕುವಂಥದ್ದು. ಒಡವೆಯಾಗಿ ಅದನ್ನು ಧರಿಸಲು ಬೇರೆ ಕಾರಣ ಬೇಕಾಗಿಲ್ಲ. ಕೊಳ್ಳುವವರು ರಸೀದಿಯ ಮೇಲೆ ಕಲ್ಲಿನ ನಿಜವಾದ ಹೆಸರನ್ನೂ, ಕ್ಯಾರೆಟ್‌ನಲ್ಲಿ ಅದರ ತೂಕವನ್ನೂ (1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ), ಅದನ್ನು ಕುಲುಮೆಯಲ್ಲಿ ಕಾಯಿಸಲಾಗಿದೆಯೇ ಎಂಬುದನ್ನೂ ಬರೆಸಿಕೊಳ್ಳಬೇಕು. ಮಾರುವವರು ಗ್ರಹದ ಹೆಸರನ್ನೂ ಸೇರಿಸಿ ಬರೆದರೆ ಅದಕ್ಕೆಂದು ಹೆಚ್ಚಿನ ಹಣ ಕೊಡಬಾರದು.