'ವಿಷದ ಕಾಲಾಳು' ಸೂತ್ರಕ್ಕೆ ಅಂಜನಾಪುರ ಭಾಷ್ಯ

ಸಿಸಿಲಿಯನ್ ರಕ್ಷಣೆ, ಅದರಲ್ಲಿ ನೈಡಾರ್ಫ್ ಶಾಖೆ, ಅದರಲ್ಲಿ 'ವಿಷದ ಕಾಲಾಳು' ಎಂಬ ಉಪಶಾಖೆ. ಎಂಟನೇ ನಡೆಗೇ ಕಪ್ಪು ಮಂತ್ರಿ ತನ್ನ ರಾಜನನ್ನು ನಡುಬಯಲಲ್ಲಿ ಬಿಟ್ಟು, ಎದುರಾಳಿಯ ಮೂಲೆಗೆ ಓಡಿ ಬಿ2 ಮನೆಯ ಪುಕ್ಕಟೆ ಕಾಲಾಳನ್ನು ಹೊಡೆಯುತ್ತಾನೆ. ಇದರ ಮೂಲವನ್ನು ಪಾಶ್ಚಾತ್ಯರು ಇಟಲಿಯ ಕಡೆ ಹುಡುಕುತ್ತಾರೆ. ಜಯನಗರದ ಬಾಡಿಗೆ ಮನೆ ಬಿಟ್ಟು, ಅಗ್ಗಕ್ಕೆ ಸಿಕ್ಕಿತೆಂದು ಅಂಜನಾಪುರದಲ್ಲಿ ಥರ್ಟಿ-ಫಾರ್ಟಿ ಸೈಟು ಹಿಡಿದವರನ್ನು ಅವರು ಕಂಡಿಲ್ಲ, ಪಾಪ. (ಮಂತ್ರಿ ಸೈಟಿಗೆ ಆಸೆಪಟ್ಟ ಎಂಬಲ್ಲಿ ರಾಜಕೀಯ ಧ್ವನಿ ಹುಡುಕುವವರಿಗೆ ಭಾಷ್ಯಕಾರ ಹೊಣೆಯಲ್ಲ.)

ಸೂತ್ರದ ತಿರುಳು: ಹೋಗುವುದು ಸಲೀಸು, ವಾಪಸು ಬರುವುದು ದುಸ್ತರ. ಪ್ರಮಾಣಕ್ಕೆ ಮಿಗೆಲ್ ನೈಡಾರ್ಫನೇ ಇದ್ದಾನೆ. 1939ರಲ್ಲಿ ಪೋಲೆಂಡ್ ಪರ ಒಲಿಂಪಿಯಾಡ್ ಆಡಲು ಬ್ಯೂನಸ್ ಐರಿಸ್‌ಗೆ ಹೋದ; ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಅಲ್ಲೇ ಉಳಿದ.

"ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಹಾಯಿಸುವ ಬಂಧಗಳನ್ನು ರಚಿಸಿದ್ದರಲ್ಲ, ಅದೆಲ್ಲೂ ಸಿಕ್ಕಿಕೊಳ್ಳಲಿಲ್ಲವಲ್ಲ?" ಎಂದು ಪೂರ್ವಪಕ್ಷಿ, ಜಯನಗರ ನಾಲ್ಕನೇ ಬ್ಲಾಕಿನವನು, ಆಕ್ಷೇಪಿಸುತ್ತಾನೆ. ಆ 64 ಮನೆಗಳ ಮುಂದೆ ಒಳಚರಂಡಿ ಕಾಮಗಾರಿ ನಡೆದಿರಲಿಲ್ಲ ಎಂಬುದೇ ಸಮಾಧಾನ.

ಈಗ ಉದಾಹರಣೆ. ರೇಕ್ಯಾವಿಕ್, 1972, ವಿಶ್ವ ಚಾಂಪಿಯನ್‌ಷಿಪ್ಪಿನ 11ನೇ ಆಟ. ಫಿಷರನ ಮಂತ್ರಿ ಬಿ2 ಹೊಡೆದು ಎ3ರಲ್ಲಿ ಕೂತಿದ್ದಾನೆ. 14ನೇ ನಡೆಯಲ್ಲಿ ಸ್ಪಾಸ್ಕಿ, ಸಿ3ರಲ್ಲಿ ಚೆನ್ನಾಗಿ ನೆಲೆಯೂರಿದ್ದ ಕುದುರೆಯನ್ನು ಎತ್ತಿ, ಆಟ ಶುರುವಾದಾಗ ನಿಂತಿದ್ದ ಬಿ1ಕ್ಕೇ ಮತ್ತೆ ತಂದಿಟ್ಟ. ಪಂಡಿತರು ಬೆರಗಾದರು. ಅಂಜನಾಪುರದವರು ಆಗುವುದಿಲ್ಲ. ಡಾಂಬರು ಕಂಡ ರಸ್ತೆ ಪೈಪಿನ ನೆವದಲ್ಲಿ ಮೂಲದ ಕೆಮ್ಮಣ್ಣಿಗೆ ಮರಳುವುದನ್ನು, ಸ್ಕೂಟರು ಗೇಟಿನೊಳಗೇ ಬಂದಿಯಾಗುವುದನ್ನು ಕಂಡವರು ಅವರು. ಫಿಷರನಿಗೂ ಅದೇ ಗತಿ. ಇನ್ನು ಹತ್ತು ನಡೆಯಲ್ಲಿ, ಎ4ಕ್ಕೆ ತಳ್ಳಿದ ಒಂದು ಯಃಕಶ್ಚಿತ್ ಕಾಲಾಳಿಗೆ ಮಂತ್ರಿ ಸಿಕ್ಕಿಬಿದ್ದ. 31ಕ್ಕೆ ಆಟ ಮುಗಿಯಿತು.

2021ರ ಜನವರಿಯಲ್ಲಿ ಹಸಿರು ಮೆಟ್ರೊ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಬಂದು ಮಂತ್ರಿಗೆ ದಾರಿ ತೆರೆಯಿತೆಂಬ ವಾದವೂ ಉಂಟು. ಆದರೆ ಮೆಟ್ರೊ ಆನೆಯ ಜಾತಿ, ನೇರವಾಗಿಯೇ ಹೋಗುತ್ತದೆ. ಅಲ್ಲಿಂದ ಮನೆವರೆಗಿನ ಕುದುರೆ ನಡೆಯನ್ನು ಆಟೋದವರೇ ಬಲ್ಲರು, ಮೀಟರಿನ ಮೇಲೆ ಇಪ್ಪತ್ತು.

ಇಷ್ಟಾಗಿಯೂ ಒಟ್ಟು ಪಂದ್ಯವನ್ನು 12½–8½ರಿಂದ ಗೆದ್ದವನು ಫಿಷರೇ. ಅಂದು ಸೈಟು ಹಿಡಿದವರೂ ಇಂದು ಮೂರಂತಸ್ತು ಕಟ್ಟಿ ಬಾಡಿಗೆ ಎಣಿಸುತ್ತಿದ್ದಾರೆ. ಪೂರ್ವಪಕ್ಷಿ ಮೊನ್ನೆ ಫೋನು ಮಾಡಿದ್ದ: ತಲಘಟ್ಟಪುರದಾಚೆ ಕಾರ್ನರ್ ಸೈಟು ಏನಾದರೂ ಇದೆಯೇ, ಖಾತಾ ಸರಿಯಿರುವಂಥದ್ದು.